ಹುಲಿಯ ದುಡ್ಡು ಬೇಸಿಗೆ ಮುಗಿದ ಮೇಲೆ ಬಂದರೆ

(ಮೈಸೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬಜೆಟ್ ಅಂದ ಕೂಡಲೇ ಹಿಂದಿನ ಸಾಲಿನವರು ಫೋನ್ ತೆಗೆಯುತ್ತಾರೆ ಅಂತ ಗೊತ್ತು. ಅಂಕಿ ಆಮೇಲೆ ಹೇಳುತ್ತೇನೆ. ಮೊದಲು ಮಲೆ ಮಹದೇಶ್ವರ ಬೆಟ್ಟದ ವಿಷಯ.

2025ರ ಜೂನ್ ಕೊನೆಯ ವಾರ. ಬೆಟ್ಟದ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿಗಳು, ಒಟ್ಟು ಐದು ಹುಲಿ ಸತ್ತು ಬಿದ್ದಿದ್ದವು. ಹುಲಿ ಒಂದು ಹಸುವನ್ನು ಕೊಂದಿತ್ತು. ಸಿಟ್ಟಿನಲ್ಲಿ ಆ ಹಸುವಿನ ಕಳೇಬರಕ್ಕೆ ಕೀಟನಾಶಕ ಹಾಕಿದ್ದರು. ಹುಲಿ ಬೇಟೆ ತಿನ್ನಲು ಮತ್ತೆ ಬರುತ್ತದೆ ಅಂತ ಕಾಡಂಚಿನವರಿಗೆ ಗೊತ್ತಿರದ ಸಂಗತಿಯೇನಲ್ಲ. ಮರಿಗಳನ್ನೂ ಕರೆದುಕೊಂಡು ಬಂತು. ಸುದ್ದಿ ದೇಶವೆಲ್ಲ ಹಬ್ಬಿತು, ಕೆಲವರ ಬಂಧನ ಆಯಿತು. ನೀವೂ ಓದಿರುತ್ತೀರಿ.

ಆದರೆ ಅದರ ಬೆನ್ನಿಗೇ ಇನ್ನೊಂದು ಸುದ್ದಿ ಬಂತು. ಅಷ್ಟು ಜನ ಅದನ್ನು ಗಮನಿಸಲಿಲ್ಲ. ಆ ಕಾಡು ಕಾಯುವ ಹೊರಗುತ್ತಿಗೆ ವಾಚರುಗಳಿಗೆ ತಿಂಗಳುಗಟ್ಟಲೆ ಸಂಬಳ ಆಗಿರಲಿಲ್ಲ. ಹುಲಿಗಳು ಸಾಯುವ ಕೆಲವೇ ದಿನ ಮುಂಚೆ ಅವರು ಸಂಬಳ ಕೇಳಿ ಪ್ರತಿಭಟನೆ ಮಾಡಿದ್ದರು. ಗಸ್ತು ಸಡಿಲವಾಗಿತ್ತು. ಸರಕಾರದಿಂದ ದುಡ್ಡು ಏಪ್ರಿಲ್‌ನಲ್ಲೇ ಬಿಡುಗಡೆ ಆಗಿತ್ತು, ಆದರೂ ಕೈಗೆ ಸೇರಿರಲಿಲ್ಲ ಅನ್ನುವುದು ಆಮೇಲೆ ತನಿಖೆಯಲ್ಲಿ ಬಂತು. ಅಧಿಕಾರಿಗಳ ಮೇಲೆ ಕ್ರಮದ ಮಾತೂ ಆಯಿತು.

ಇಲ್ಲಿ ಯಾರೂ ಬಜೆಟ್ ಕಡಿತ ಮಾಡಿರಲಿಲ್ಲ. ದುಡ್ಡು ಇತ್ತು. ಹಾಗಿದ್ದರೆ ಕಡಿತದ ಬಗ್ಗೆ ಮಾತಾಡಲು ಬಂದವನು ಇದನ್ನು ಯಾಕೆ ಮೊದಲು ಹೇಳಿದೆ? ಬೀಟ್‌ನಲ್ಲಿ, ಅಂದರೆ ತನ್ನ ಪಾಲಿನ ಗಸ್ತಿನ ಪ್ರದೇಶದಲ್ಲಿ, ನಡೆಯುವ ವಾಚರ್‌ಗೆ ದೆಹಲಿಯವರು ಕಡಿತ ಮಾಡಿದರೋ, ಬೆಂಗಳೂರಿನವರು ತಡ ಮಾಡಿದರೋ, ತಾಲೂಕಿನ ಕಚೇರಿಯಲ್ಲಿ ಫೈಲು ಕೂತಿತೋ, ಎಲ್ಲ ಒಂದೇ. ಅಂಗಡಿಯವನು ಸಾಲ ಕೊಡುವುದು ನಿಲ್ಲಿಸುತ್ತಾನೆ. ವಾಚರ್ ಬೇರೆ ಕೂಲಿಗೆ ಹೋಗುತ್ತಾನೆ. ಆ ಬೀಟ್ ಅವತ್ತು ಖಾಲಿ. ವನ್ಯಜೀವಿಗೆ ಎಷ್ಟು ಕೋಟಿ ಇಟ್ಟರು ಅನ್ನುವುದಕ್ಕಿಂತ ಯಾವ ಬಾಬ್ತಿಗೆ ಇಟ್ಟರು, ಯಾವ ತಿಂಗಳು ಕೊಟ್ಟರು ಅನ್ನುವುದು ದೊಡ್ಡ ಪ್ರಶ್ನೆ. ಇವತ್ತು ನಾನು ಹೇಳಲು ಬಂದಿರುವುದೂ ಅಷ್ಟೇ.

ಈಗ ಅಂಕಿಗೆ ಬರೋಣ. ಹುಲಿ ಯೋಜನೆ ಶುರುವಾಗಿದ್ದು 1973ರ ಏಪ್ರಿಲ್ 1ರಂದು. ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಕೇಂದ್ರ ಬಜೆಟ್‌ನಲ್ಲಿ 2019-20ರಲ್ಲಿ ಹುಲಿ ಯೋಜನೆಗೆ 350 ಕೋಟಿ ಇಟ್ಟಿದ್ದರು. ಮುಂದಿನ ವರ್ಷ 300 ಕೋಟಿ. 2021-22ರಲ್ಲಿ 250 ಕೋಟಿ. ಕೋವಿಡ್ ಕಾಲ, ಎಲ್ಲ ಕಡೆ ಬಿಗಿ ಇತ್ತು, ಒಪ್ಪೋಣ. 2022-23ರಲ್ಲಿ ಮತ್ತೆ 300 ಕೋಟಿ ಆಯಿತು. ಆನೆ ಯೋಜನೆಗೆ ಬೇರೆಯಾಗಿ 35 ಕೋಟಿ ಇತ್ತು. ಆಮೇಲೆ 2023-24ರಲ್ಲಿ ಹುಲಿ, ಆನೆ ಎರಡೂ ಯೋಜನೆಗಳನ್ನು ಒಂದೇ ತಲೆಬರಹಕ್ಕೆ ಸೇರಿಸಿ 331.80 ಕೋಟಿ ಅಂದರು. 2025-26ರ ಬಜೆಟ್‌ನಲ್ಲಿ ಎರಡಕ್ಕೂ ಸೇರಿ 290 ಕೋಟಿ. ಹಿಂದಿನ ವರ್ಷಕ್ಕಿಂತ ಜಾಸ್ತಿ ಮಾಡಿದೆವು ಅಂತ ಆಗ ಸುದ್ದಿ ಬಂತು. ಹಿಂದಿನ ವರ್ಷಕ್ಕೆ ಹೋಲಿಸಿದರೆ ನಿಜವೇ. ಆರು ವರ್ಷದ ಹಿಂದಕ್ಕೆ ಹೋಲಿಸಿ ನೋಡಿ.

ಆ ಆರು ವರ್ಷದಲ್ಲಿ ಹುಲಿ ಸಂರಕ್ಷಿತ ಪ್ರದೇಶಗಳು 50ರಿಂದ 58ಕ್ಕೆ ಏರಿವೆ. 2025ರ ಮಾರ್ಚ್‌ನಲ್ಲಿ ಮಧ್ಯಪ್ರದೇಶದ ಮಾಧವ 58ನೆಯದಾಗಿ ಸೇರಿತು. ಸುಮ್ನೆ ಸರಾಸರಿ ಹಾಕಿ ನೋಡೋಣ. ಮೊದಲು ಒಂದು ಕಾಡಿಗೆ ಏಳು ಕೋಟಿ ಬರುತ್ತಿತ್ತು. 2025-26ರಲ್ಲಿ ಆನೆಯನ್ನೂ ಸೇರಿಸಿಕೊಂಡು ಐದು ಕೋಟಿ. ದುಡ್ಡು ಹೀಗೆ ಸಮನಾಗಿ ಹಂಚಿಕೆ ಆಗುವುದಿಲ್ಲ, ಗೊತ್ತು. ಆದರೂ ಡೀಸೆಲ್ ಬೆಲೆ, ಅಕ್ಕಿ ಬೆಲೆ, ಕೂಲಿ ದರ ಆರು ವರ್ಷದಲ್ಲಿ ಎಲ್ಲಿಗೆ ಹೋಗಿವೆ ಅಂತ ನಿಮಗೇ ಗೊತ್ತಲ್ವಾ. ಇದರ ಜೊತೆಗೆ ಚೀತಾ ಯೋಜನೆಗೂ 2021-22ರಿಂದ 2025-26ರವರೆಗೆ 38.70 ಕೋಟಿಯನ್ನು ಹುಲಿ ಯೋಜನೆಯ ಅಡಿಯಲ್ಲೇ ಗೊತ್ತು ಮಾಡಿದರು. ಚೀತಾ ಬರಬೇಕಿತ್ತೋ ಬೇಡವೋ ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ಹೊಸ ಅತಿಥಿಗೆ ಹೊಸ ತಟ್ಟೆ ಇಡಬೇಕಿತ್ತು, ಅಷ್ಟೇ.

ಇದೆಲ್ಲ ದೊಡ್ಡ ದುಡ್ಡು ಅಂತ ಯಾರಿಗಾದರೂ ಅನ್ನಿಸಿದರೆ ಇನ್ನೊಂದು ಲೆಕ್ಕ. 2025-26ರ ಕೇಂದ್ರ ಬಜೆಟ್‌ನ ಒಟ್ಟು ಗಾತ್ರ ಸುಮಾರು 50.65 ಲಕ್ಷ ಕೋಟಿ. ಅದರಲ್ಲಿ 290 ಕೋಟಿ ಅಂದರೆ ನೂರು ರೂಪಾಯಿಗೆ ಅರ್ಧ ಪೈಸೆ ಚಿಲ್ಲರೆ. ಇದನ್ನು ಕಡಿತ ಮಾಡಿ ಯಾವ ಖಜಾನೆಯೂ ತುಂಬುವುದಿಲ್ಲ.

ದುಡ್ಡು ಯಾವ ದಾರಿಯಲ್ಲಿ ಬರುತ್ತದೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ರೋಗ ಇರುವುದು ಇಲ್ಲೇ. ಪ್ರತಿ ಹುಲಿ ಕಾಡಿನ ಕ್ಷೇತ್ರ ನಿರ್ದೇಶಕರು ವರ್ಷದ ಕಾರ್ಯಯೋಜನೆ ಬರೆಯಬೇಕು. ಇಲಾಖೆಯಲ್ಲಿ ಎಲ್ಲರೂ ಅದನ್ನು ಎಪಿಒ ಅನ್ನುತ್ತಾರೆ. ಅದು ರಾಜ್ಯದ ಮೂಲಕ ದೆಹಲಿಯ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರಕ್ಕೆ ಹೋಗುತ್ತದೆ. ಅಲ್ಲಿ ಕೆಲವು ಸಾಲು ಒಪ್ಪುತ್ತಾರೆ, ಕೆಲವು ಕತ್ತರಿಸುತ್ತಾರೆ. ಆಮೇಲೆ ಕಂತಿನಲ್ಲಿ ದುಡ್ಡು ರಾಜ್ಯಕ್ಕೆ ಬರುತ್ತದೆ. ರಾಜ್ಯ ತನ್ನ ಪಾಲು ಸೇರಿಸಬೇಕು. ಹಿಂದಿನ ದುಡ್ಡಿಗೆ ಬಳಕೆ ಪ್ರಮಾಣಪತ್ರ ಕೊಟ್ಟ ಮೇಲೆಯೇ ಮುಂದಿನ ಕಂತು. 2021ರಲ್ಲಿ ಕೇಂದ್ರ ಪ್ರಾಯೋಜಿತ ಪ್ರತಿ ಯೋಜನೆಗೂ ರಾಜ್ಯದಲ್ಲಿ ಒಂದೊಂದು ನೋಡಲ್ ಖಾತೆ, ಅಂದರೆ ದುಡ್ಡೆಲ್ಲ ಬಂದು ಸೇರುವ ಒಂದೇ ಖಾತೆ, ಇರಬೇಕು ಅನ್ನುವ ವ್ಯವಸ್ಥೆ ಬಂತು. ದುಡ್ಡು ಎಲ್ಲೋ ಬ್ಯಾಂಕಿನಲ್ಲಿ ಸುಮ್ಮನೆ ಕೊಳೆಯಬಾರದು ಅನ್ನುವ ಉದ್ದೇಶ ಒಳ್ಳೆಯದೇ. ಆದರೆ ಮಧ್ಯದಲ್ಲಿ ಯಾವ ಕೊಂಡಿ ತಡವಾದರೂ ಕಾಡಿನವನಿಗೆ ಸಿಗುವ ಉತ್ತರ ಒಂದೇ: ಅನುದಾನ ಇನ್ನೂ ಬಂದಿಲ್ಲ.

ಪಾಲಿನ ಲೆಕ್ಕ 2015ರಲ್ಲಿ ಬದಲಾಯಿತು. 14ನೇ ಹಣಕಾಸು ಆಯೋಗ ರಾಜ್ಯಗಳ ತೆರಿಗೆ ಪಾಲನ್ನು ಶೇ. 32ರಿಂದ ಶೇ. 42ಕ್ಕೆ ಏರಿಸಿತು. ನಿಮಗೆ ಹೆಚ್ಚು ಕೊಟ್ಟಿದ್ದೇವೆ, ಇನ್ನು ಯೋಜನೆಗಳ ಖರ್ಚನ್ನೂ ಹೆಚ್ಚು ಹೊರಿ ಅಂತ ಕೇಂದ್ರ ಹೇಳಿತು. ಅದಕ್ಕೆ ಮುಂಚೆ ಹುಲಿ ಕಾಡಿನಲ್ಲಿ ಕಟ್ಟಡ, ಜೀಪು, ವೈರ್‌ಲೆಸ್ ತರಹದ ಒಂದು ಸಲದ ಖರ್ಚು ಪೂರ್ತಿ ಕೇಂದ್ರದ್ದಾಗಿತ್ತು. ಆಮೇಲೆ ಅದು ನಮ್ಮಂಥ ರಾಜ್ಯಗಳಿಗೆ 60:40 ಆಯಿತು. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ 90:10. ಪ್ರತಿ ವರ್ಷ ಬರುವ ಖರ್ಚು, ಅಂದರೆ ವಾಚರುಗಳ ಕೂಲಿ, ಶಿಬಿರದ ರೇಷನ್, ಬೆಂಕಿ ರೇಖೆ, ಇದು ನಮ್ಮಂಥ ರಾಜ್ಯಗಳಿಗೆ ಮೊದಲೂ ಅರ್ಧ ಅರ್ಧ, ಈಗಲೂ ಅರ್ಧ ಅರ್ಧ.

ಅಂದರೆ ಕಾಡನ್ನು ದಿನಾ ಕಾಯುವ ಖರ್ಚನ್ನು ಪೂರ್ತಿ ತನ್ನದು ಅಂತ ಕೇಂದ್ರ ಒಪ್ಪಿಕೊಂಡಿರಲೇ ಇಲ್ಲ. ರಾಜ್ಯಕ್ಕೂ ಅದರ ಮೇಲೆ ಅಂಥ ಪ್ರೀತಿ ಇಲ್ಲ. ಕೂಲಿಗೆ ಶಂಕುಸ್ಥಾಪನೆ ಮಾಡಲು ಆಗುವುದಿಲ್ಲ, ಟೇಪು ಕತ್ತರಿಸಲು ಆಗುವುದಿಲ್ಲ. ರೈಲು ಕಂಬಿಯ ಬೇಲಿಗೆ, ಡ್ರೋನಿಗೆ, ಹೊಸ ಸಫಾರಿ ಬಸ್ಸಿಗೆ ಮಂತ್ರಿಗಳ ಫೋಟೊ ಬರುತ್ತದೆ. ಕಳ್ಳಬೇಟೆ ತಡೆ ಶಿಬಿರಕ್ಕೆ ಐವತ್ತು ಕೆಜಿ ಅಕ್ಕಿ ಹೋಯಿತು ಅಂತ ಯಾವ ಪತ್ರಿಕೆ ಬರೆಯುತ್ತದೆ?

ಆ ಶಿಬಿರಗಳನ್ನು ನೋಡಿದವರು ಇಲ್ಲಿ ಎಷ್ಟು ಜನ ಇದ್ದೀರೋ ಗೊತ್ತಿಲ್ಲ. ಕಾಡಿನ ಒಳಗೆ ಒಂದು ಚಿಕ್ಕ ಕಟ್ಟಡ, ಸುತ್ತ ಆನೆ ಬರದಂತೆ ಕಂದಕ, ಮೇಲೊಂದು ಸೋಲಾರ್ ಪ್ಲೇಟು. ನಾಲ್ಕೈದು ಜನ ಸರದಿಯ ಮೇಲೆ ಇರುತ್ತಾರೆ. ನಮ್ಮ ಕಡೆ ಹಲವರು ಜೇನು ಕುರುಬರು, ಸೋಲಿಗರು. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು, ಉರುಳು ಹುಡುಕುವುದು, ಹೊಸ ಹೆಜ್ಜೆ ಕಂಡರೆ ಬರೆದುಕೊಳ್ಳುವುದು. ನಾಗರಹೊಳೆ, ಬಂಡೀಪುರಗಳಲ್ಲಿ ಹುಲಿ ಉಳಿದಿದ್ದು ಮುಖ್ಯವಾಗಿ ಈ ನಡಿಗೆಯಿಂದ ಅಂತಲೇ ನನ್ನ ಅಭಿಪ್ರಾಯ. ಕ್ಯಾಮೆರಾ ಟ್ರ್ಯಾಪು ಹುಲಿಯನ್ನು ಎಣಿಸುತ್ತದೆ, ಕಾಯುವುದಿಲ್ಲ. ದುಡ್ಡು ಬಿಗಿಯಾದಾಗ ಮೊದಲು ಏಟು ಬೀಳುವುದು ಇವರಿಗೇ. ಕಾಯಂ ಗಾರ್ಡ್‌ನ ಸಂಬಳ ಸರಕಾರದ ಸಂಬಳದ ಲೆಕ್ಕದಲ್ಲಿ ಹೇಗೋ ಬರುತ್ತದೆ. ದಿನಗೂಲಿಯವನ, ಹೊರಗುತ್ತಿಗೆಯವನ ದುಡ್ಡು ಯೋಜನೆಯ ಲೆಕ್ಕದಲ್ಲಿರುತ್ತದೆ. ಅದು ನಿಲ್ಲುವುದು ಸುಲಭ.

ಕಾವಲು ಸಡಿಲವಾದದ್ದರ ಬೆಲೆಯನ್ನು ದೇಶ ಹಿಂದೆಯೇ ತೆತ್ತಿದೆ. 2004-05ರಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿ ಒಂದು ಹುಲಿಯೂ ಇಲ್ಲ ಅಂತ ಗೊತ್ತಾಯಿತು. ಕಾಗದದ ಮೇಲೆ ಮಾತ್ರ ಹುಲಿಗಳು ಇದ್ದವು. ಆ ಆಘಾತದಿಂದಲೇ ಕಾಯ್ದೆ ತಿದ್ದುಪಡಿ ಆಗಿ ಹುಲಿ ಪ್ರಾಧಿಕಾರ ಹುಟ್ಟಿತು. 2008ರಲ್ಲಿ ರಣಥಂಬೋರಿನಿಂದ ಹೆಲಿಕಾಪ್ಟರ್‌ನಲ್ಲಿ ಹುಲಿ ತಂದು ಸರಿಸ್ಕಾಕ್ಕೆ ಬಿಟ್ಟರು. ಮಧ್ಯಪ್ರದೇಶದ ಪನ್ನಾದಲ್ಲೂ 2009ರಲ್ಲಿ ಅದೇ ಕತೆ. ಅದೇ 2008ರ ಬಜೆಟ್‌ನಲ್ಲಿ ವಿಶೇಷ ಹುಲಿ ರಕ್ಷಣಾ ಪಡೆಗೆ ಅಂತ 50 ಕೋಟಿ ಇಟ್ಟರು. ಬಂಡೀಪುರಕ್ಕೆ ಆ ಪಡೆ ಬಂದಿದ್ದು ಆಮೇಲೆ. ಹುಲಿ ಇದ್ದಾಗ ಕಾಯಲು ಕೊಡದ ದುಡ್ಡನ್ನು ಹುಲಿ ಹೋದ ಮೇಲೆ ಹೆಲಿಕಾಪ್ಟರಿಗೆ ಕೊಟ್ಟೆವು.

ಹೆಲಿಕಾಪ್ಟರ್ ಅಂದಾಗ ಬಂಡೀಪುರದ ಬೆಂಕಿ ನೆನಪಾಗಬೇಕು. 2019ರ ಫೆಬ್ರವರಿ. ಗೋಪಾಲಸ್ವಾಮಿ ಬೆಟ್ಟದ ಕಡೆ ಕಾಡು ಉರಿಯಿತು. ಉಪಗ್ರಹ ಚಿತ್ರಗಳಿಂದ ಮಾಡಿದ ಅಂದಾಜಿನಲ್ಲಿ ಹತ್ತು ಸಾವಿರ ಎಕರೆಗೂ ಜಾಸ್ತಿ. ವಾಯುಸೇನೆಯ ಹೆಲಿಕಾಪ್ಟರ್ ಬಂದು ನೀರು ಸುರಿಯಬೇಕಾಯಿತು. ಬೆಂಕಿ ಹಚ್ಚಿದ್ದು ಮನುಷ್ಯರೇ, ಅದನ್ನು ಬಜೆಟ್‌ನ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಬೆಂಕಿ ಎಷ್ಟು ದೂರ ಓಡುತ್ತದೆ ಅನ್ನುವುದಕ್ಕೂ ದುಡ್ಡಿಗೂ ಸಂಬಂಧ ಇದೆ.

ಹೇಗೆ ಅಂತ ಹೇಳುತ್ತೇನೆ. ಮಳೆ ನಿಂತು ಹುಲ್ಲು ಒಣಗಲು ಶುರುವಾದ ಮೇಲೆ, ಪೂರ್ತಿ ಒಣಗುವ ಮುಂಚೆ, ಬೆಂಕಿ ರೇಖೆ ಮಾಡಬೇಕು. ರಸ್ತೆಯ ಪಕ್ಕ, ಗಡಿಯ ಉದ್ದಕ್ಕೂ ಪೊದೆ ಸವರಿ, ಒಣಗಿಸಿ, ಹತೋಟಿಯಲ್ಲಿ ಸುಡುವ ಕೆಲಸ ಅದು. ನಮ್ಮ ಕಡೆ ಡಿಸೆಂಬರ್, ಜನವರಿ ಹೊತ್ತಿಗೆ ಮುಗಿಯಬೇಕು. ಫೆಬ್ರವರಿ ದಾಟಿದರೆ ರೇಖೆಗೆ ಹಚ್ಚಿದ ಬೆಂಕಿಯೇ ಕಾಡಿಗೆ ಹಾರಬಹುದು. ಜನವರಿಯಿಂದ ಮಳೆ ಬರುವವರೆಗೆ ಬೆಂಕಿ ವಾಚರುಗಳು ಬೇಕು. ಈಗ ಸರಕಾರದ ಕ್ಯಾಲೆಂಡರ್ ನೋಡಿ. ವರ್ಷ ಶುರು ಏಪ್ರಿಲ್‌ನಲ್ಲಿ. ಎಪಿಒ ಒಪ್ಪಿಗೆ, ಮೊದಲ ಕಂತು, ರಾಜ್ಯದ ಪಾಲು, ಇಷ್ಟರಲ್ಲಿ ಮಳೆಗಾಲ ಕಳೆದಿರುತ್ತದೆ. ವರ್ಷದ ಕೊನೆಯಲ್ಲಿ ಕೇಂದ್ರ ಪರಿಷ್ಕೃತ ಅಂದಾಜು ಅಂತ ಮಾಡುತ್ತದೆ. ಖರ್ಚಾಗದ ದುಡ್ಡನ್ನು ವಾಪಸ್ ಎಳೆದುಕೊಳ್ಳುವ ಹೊತ್ತು ಅದು. ಕಾಡಿಗೆ ಅತಿ ಹೆಚ್ಚು ಕೈಗಳು ಬೇಕಾದ ತಿಂಗಳುಗಳೂ ಅವೇ. ಆಮೇಲೆ ಮಾರ್ಚ್ 31ಕ್ಕೆ ಎಲ್ಲ ಲೆಕ್ಕ ಮುಚ್ಚುತ್ತದೆ. ಏಪ್ರಿಲ್, ಮೇನಲ್ಲಿ ಕಾಡು ಗರಿಗರಿ ಒಣಗಿ ನಿಂತಿರುವಾಗ ಹೊಸ ವರ್ಷದ ದುಡ್ಡು ಇನ್ನೂ ದಾರಿಯಲ್ಲಿರುತ್ತದೆ.

ವಲಯ ಅರಣ್ಯಾಧಿಕಾರಿಗಳಲ್ಲಿ ಎಷ್ಟೋ ಜನ ಕೈಯಿಂದ ಹಾಕಿ, ಅಂಗಡಿಯಲ್ಲಿ ಸಾಲ ಹೇಳಿ ಕೆಲಸ ನಡೆಸುತ್ತಾರೆ. ಅದನ್ನು ನಾವು ನಿಷ್ಠೆ ಅಂತ ಹೊಗಳುತ್ತೇವೆ. ನನಗೆ ಅದು ನಾಚಿಕೆಯ ವಿಷಯ ಅನ್ನಿಸುತ್ತದೆ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಒಬ್ಬ ಗಾರ್ಡ್ ಸುಟ್ಟು ಸತ್ತರು. ಕೈಯಲ್ಲಿ ಸೊಪ್ಪಿನ ಬರಲು ಹಿಡಿದು ಬೆಂಕಿ ಬಡಿಯುವುದು ಇವತ್ತಿಗೂ ನಮ್ಮ ಕಾಡುಗಳಲ್ಲಿ ಮಾಮೂಲಿ.

ಇನ್ನು ಕಾಡಿನ ಹೊರಗೆ ಬರೋಣ. 2025ರ ಸೆಪ್ಟೆಂಬರ್‌ನಲ್ಲಿ ಗುಂಡ್ಲುಪೇಟೆ ತಾಲೂಕಿನ ಬೊಮ್ಮಲಾಪುರದಲ್ಲಿ ಊರಿನವರು ಅರಣ್ಯ ಸಿಬ್ಬಂದಿಯನ್ನೇ ಹುಲಿ ಬೋನಿನೊಳಗೆ ಕೂಡಿಹಾಕಿದರು. ವಿಡಿಯೊ ನೋಡಿ ತುಂಬ ಜನ ನಕ್ಕರು. ನಗುವ ವಿಷಯ ಅಲ್ಲ ಅದು. ಹುಲಿ ಓಡಾಡುತ್ತಿದೆ ಅಂತ ಹೇಳಿದರೂ ಬೇಗ ಬರಲಿಲ್ಲ ಅನ್ನುವ ಸಿಟ್ಟು ಅವರದ್ದು. ಬೇಗ ಬರಲು ಜೀಪು ಬೇಕು, ಡೀಸೆಲ್ ಬೇಕು, ಜನ ಬೇಕು, ಅರಿವಳಿಕೆ ಕೊಡಬಲ್ಲ ವೈದ್ಯರು ಬೇಕು. ಒಂದು ಹಸು ಸತ್ತ ವಾರದೊಳಗೆ ಪರಿಹಾರ ಕೈಗೆ ಬಂದರೆ ಕಳೇಬರಕ್ಕೆ ವಿಷ ಹಾಕುವ ಕೈ ಸ್ವಲ್ಪ ತಡೆದೀತು. ಆರು ತಿಂಗಳಾದ ಮೇಲೆ ಬರುವ ದುಡ್ಡಿಗೆ ಆ ಶಕ್ತಿ ಇಲ್ಲ. ಪರಿಹಾರದ ಮೊತ್ತ ಏರಿಸಿದ್ದನ್ನು ನಾಯಕರು ವೇದಿಕೆಯಲ್ಲಿ ಹೇಳುತ್ತಾರೆ. ಎಷ್ಟು ದಿನದಲ್ಲಿ ಕೊಟ್ಟೆವು ಅಂತ ಹೇಳುವುದನ್ನು ನಾನು ಕೇಳಿಲ್ಲ.

ಒಂದು ವಾದ ಪದೇ ಪದೇ ಬರುತ್ತದೆ. ಹುಲಿ ಜಾಸ್ತಿಯಾಗಿದೆಯಲ್ಲ, ಇನ್ನೇನು ದುಡ್ಡು? ನಿಜ, 2006ರಲ್ಲಿ ದೇಶದಲ್ಲಿ 1,411 ಹುಲಿ ಅಂತ ಅಂದಾಜಿತ್ತು, 2022ರಲ್ಲಿ 3,682. ಕರ್ನಾಟಕದಲ್ಲಿ 2018ರಲ್ಲಿ 524 ಇದ್ದದ್ದು 2022ರಲ್ಲಿ 563 ಆಯಿತು. ದೇಶದಲ್ಲಿ ಅತಿ ಹೆಚ್ಚು ಆನೆ ಇರುವುದೂ ನಮ್ಮಲ್ಲೇ, ಆರು ಸಾವಿರಕ್ಕೂ ಮೇಲೆ. ಆದರೆ ಜಾಸ್ತಿಯಾದಷ್ಟೂ ಖರ್ಚು ಜಾಸ್ತಿಯೇ ಆಗುತ್ತದೆ. ಕಾಡು ದೊಡ್ಡದಾಗಿಲ್ಲ. ಒಳಗೆ ಲಂಟಾನ ಕಳೆ ಹಬ್ಬಿ ಮೇವು ಕಡಿಮೆಯಾಗಿದೆ. ಅಂಚಿನಲ್ಲಿ ಕಬ್ಬು, ಬಾಳೆ. ಆನೆ, ಹುಲಿ ಎರಡೂ ಹೊರಗೆ ಬರುತ್ತವೆ. ರೈಲು ಕಂಬಿಯ ಬೇಲಿಗೆ ಒಂದು ಕಿಲೋಮೀಟರಿಗೆ ಕೋಟಿ ರೂಪಾಯಿಗೂ ಜಾಸ್ತಿ ಬೇಕು. ಸಂರಕ್ಷಣೆ ಗೆದ್ದ ಕಡೆಯೇ ಖರ್ಚು ಏರುತ್ತದೆ. ಇದನ್ನು ಹಣಕಾಸು ಇಲಾಖೆಗೆ ಅರ್ಥ ಮಾಡಿಸುವುದು ಕಷ್ಟ.

ಅದೂ ಹುಲಿ ಯೋಜನೆಗೆ ಸೇರಿದ ಕಾಡುಗಳ ಪಾಡು. ಮಲೆ ಮಹದೇಶ್ವರ ಬೆಟ್ಟದಲ್ಲಿ ಹುಲಿ ಇದ್ದರೂ ಆ ದುರಂತ ಆದಾಗ ಅದು ಬರೀ ವನ್ಯಧಾಮ. ಹುಲಿ ಯೋಜನೆಯ ದುಡ್ಡಿಗೆ ಅದು ಸೇರಿರಲಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ, ಸಿರುಗುಪ್ಪದ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ), ಗಂಗಾವತಿ ಕಡೆಯ ತೋಳ, ಇವುಗಳ ಹೆಸರಿನಲ್ಲಿ ಎಷ್ಟು ಬರುತ್ತದೆ ಅಂತ ಕೇಳುವವರೂ ಕಡಿಮೆ. ಬಯಲುಸೀಮೆಯ ಹುಲ್ಲುಗಾವಲನ್ನು ನಾವು ಇನ್ನೂ ಪಾಳು ಜಮೀನು ಅಂತಲೇ ನೋಡುತ್ತಿದ್ದೇವೆ.

ಮಾತು ಇಲ್ಲಿಗೆ ಮುಗಿಸಿದ್ದೆ. ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬ ಹುಡುಗಿ ಕೇಳಿದರು: ಕಾಂಪಾ ನಿಧಿಯಲ್ಲಿ ಸಾವಿರಾರು ಕೋಟಿ ಇದೆಯಲ್ಲ, ಅದನ್ನು ಬಳಸಬಾರದೇ?

ಇದೆ. 2019ರ ಆಗಸ್ಟ್‌ನಲ್ಲಿ ಕೇಂದ್ರ 47,000 ಕೋಟಿಗೂ ಹೆಚ್ಚು ದುಡ್ಡನ್ನು 27 ರಾಜ್ಯಗಳಿಗೆ ಕೊಟ್ಟಿತು. ಆದರೆ ಆ ದುಡ್ಡು ಎಲ್ಲಿಂದ ಬಂತು? ಗಣಿಗೆ, ಅಣೆಕಟ್ಟಿಗೆ, ರಸ್ತೆಗೆ ಕಾಡು ಬಿಟ್ಟುಕೊಟ್ಟಾಗ ಪಡೆದ ಪರಿಹಾರ ಅದು. ಕಾಡು ಹೆಚ್ಚು ಹೋದಷ್ಟೂ ನಿಧಿ ತುಂಬುತ್ತದೆ. ಕಾಯಂ ಸಿಬ್ಬಂದಿಯ ಸಂಬಳಕ್ಕೆ ಬಳಸುವಂತಿಲ್ಲ. ಗಿಡ ನೆಡುವುದಕ್ಕೇ ಅದರಲ್ಲಿ ಒತ್ತು. ಮೇಲ್ವಿಚಾರಣೆ ಸಡಿಲವಾದರೆ ಏನಾಗುತ್ತದೆ ಅನ್ನುವುದಕ್ಕೆ ಉತ್ತರಾಖಂಡ ನೋಡಿ. ಅಲ್ಲಿ ಈ ದುಡ್ಡಿನಲ್ಲಿ ಐಫೋನ್, ಲ್ಯಾಪ್‌ಟಾಪ್, ಫ್ರಿಜ್ ಕೊಂಡಿದ್ದಾರೆ ಅಂತ 2025ರಲ್ಲಿ ಸರಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಹೇಳಿತು. ಬಳಸೋಣ, ಆದರೆ ಬಜೆಟ್‌ಗೆ ಬದಲಿಯಾಗಿ ಬೇಡ.

ಸಫಾರಿಯಿಂದ ಒಳ್ಳೆಯ ದುಡ್ಡು ಬರುತ್ತದೆ, ಕಾಡು ತನ್ನ ಖರ್ಚನ್ನು ತಾನೇ ನೋಡಿಕೊಳ್ಳಲಿ ಅಂತ ಒಬ್ಬ ಹಿರಿಯರು ಹೇಳಿದರು.

ಪ್ರತಿ ಹುಲಿ ಕಾಡಿಗೂ ಒಂದು ಪ್ರತಿಷ್ಠಾನ ಇದೆ, ಗೇಟಿನ ದುಡ್ಡು ಅದಕ್ಕೆ ಹೋಗುತ್ತದೆ, ಅಲ್ಲೇ ಖರ್ಚಾಗಬೇಕು. ಒಳ್ಳೆಯ ವ್ಯವಸ್ಥೆ ಅದು. ಬಂಡೀಪುರ, ಕಬಿನಿ ಕಡೆ ಅದಕ್ಕೆ ಬಲವೂ ಇದೆ. ಆದರೆ 2020ರಲ್ಲಿ ಕೋವಿಡ್ ಬಂದಾಗ ಗೇಟು ಮುಚ್ಚಿತು. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗೆ ಜನ ಸತ್ತಾಗ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಿದರು. ಅಂದರೆ ಕಾಯಲು ಜನ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಆ ಆದಾಯ ನಿಂತುಹೋಯಿತು. ಜೊತೆಗೆ, ಪ್ರವಾಸಿಗರು ಹೋಗದ ಕಾಡುಗಳು ಏನು ಮಾಡಬೇಕು? ಹೊರದೇಶದ ಸಹಾಯವನ್ನು ನಂಬಿದವರ ಕತೆಯನ್ನೂ 2025ರಲ್ಲಿ ನೋಡಿದೆವು. ಅಮೆರಿಕ ತನ್ನ ವಿದೇಶಿ ನೆರವನ್ನು ಏಕಾಏಕಿ ತಡೆಹಿಡಿದಾಗ ಆಫ್ರಿಕಾದ ಎಷ್ಟೋ ಕಾಡು ಕಾಯುವ ಕೆಲಸಗಳು ನಡುವೆಯೇ ನಿಂತವು.

ಇನ್ನೊಬ್ಬರ ಪ್ರಶ್ನೆ ಗ್ಯಾರಂಟಿ ಯೋಜನೆಗಳ ಬಗ್ಗೆ. ಅದರಿಂದಲೇ ಕಾಡಿಗೆ ದುಡ್ಡಿಲ್ಲ ಅಲ್ವಾ ಅಂದರು. ಸಭೆಯಲ್ಲಿ ಚಪ್ಪಾಳೆಯೂ ಬಿತ್ತು. ನನಗೆ ಹಾಗನ್ನಿಸುವುದಿಲ್ಲ. ವಾಚರುಗಳ ಕೂಲಿ ತಡವಾಗುವುದು ಗ್ಯಾರಂಟಿಗಳು ಬರುವ ಮುಂಚಿನಿಂದಲೂ ಇರುವ ರೋಗ. ಎಲ್ಲ ಪಕ್ಷಗಳ ಸರಕಾರದಲ್ಲೂ ಇತ್ತು. ಬಸ್ಸಿನಲ್ಲಿ ಉಚಿತವಾಗಿ ಹೋಗುವ ಹೆಂಗಸಿನ ಮೇಲೆ ಇದನ್ನು ಹಾಕಿದರೆ ಕೇಳಬೇಕಾದವರನ್ನು ಬಿಟ್ಟುಬಿಟ್ಟಂತೆ.

ಕಾಡಿನಿಂದ ಜನರನ್ನು ಹೊರಗೆ ಕಳಿಸುವುದಕ್ಕೂ ಈ ದುಡ್ಡೇ ಅಲ್ಲವೇ, ಅದು ಕಡಿಮೆಯಾದರೆ ಒಳ್ಳೆಯದೇ ಆಯಿತು ಅಂದರು ಒಬ್ಬ ಕಾರ್ಯಕರ್ತರು. ಗಂಭೀರವಾದ ಮಾತು. 2021ರಿಂದ ಒಂದು ಕುಟುಂಬಕ್ಕೆ 15 ಲಕ್ಷ ಅಂತ ಇದೆ, ಅದಕ್ಕೆ ಮುಂಚೆ 10 ಲಕ್ಷ ಇತ್ತು. ಹೋಗಲು ಮನಸ್ಸಿಲ್ಲದವರನ್ನು ಕಳಿಸಬಾರದು, ಕಾನೂನೂ ಅದನ್ನೇ ಹೇಳುತ್ತದೆ. 2025ರ ಮೇ ತಿಂಗಳಲ್ಲಿ ಜೇನು ಕುರುಬ ಕುಟುಂಬಗಳು ನಾಗರಹೊಳೆಯ ಒಳಗಿನ ತಮ್ಮ ಹಳೆಯ ಹಾಡಿಗೆ (ಬುಡಕಟ್ಟಿನವರ ಊರಿಗೆ) ವಾಪಸ್ ಬಂದು ಗುಡಿಸಲು ಹಾಕಿದವು. ಆ ಹಕ್ಕಿನ ಪ್ರಶ್ನೆಗೆ ದುಡ್ಡಿನಲ್ಲಿ ಉತ್ತರ ಇಲ್ಲ. ಆದರೆ ತಾವಾಗಿಯೇ ಹೊರಗೆ ಬರಬೇಕು, ಮಕ್ಕಳಿಗೆ ಶಾಲೆ ಬೇಕು ಅನ್ನುವವರೂ ಇದ್ದಾರೆ. 2000ದ ದಶಕದ ಆರಂಭದಲ್ಲಿ ಭದ್ರಾ ಕಾಡಿನಿಂದ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಬಂದವು. ನೀರಾವರಿ ಜಮೀನು, ದುಡ್ಡು ಎರಡೂ ಸಿಕ್ಕಿತು. ಇವತ್ತಿಗೂ ಅದನ್ನು ಉದಾಹರಣೆಯಾಗಿ ಹೇಳುತ್ತಾರೆ. ದುಡ್ಡು ಕಡಿತವಾದರೆ ಇಂಥವರು ಒಳಗೂ ಇಲ್ಲ, ಹೊರಗೂ ಇಲ್ಲ ಅನ್ನುವ ಸ್ಥಿತಿಯಲ್ಲಿ ಉಳಿಯುತ್ತಾರೆ.

ಕೊನೆಗೆ ಒಬ್ಬ ವಿದ್ಯಾರ್ಥಿ ನೇರವಾಗಿ ಕೇಳಿದ: ನಾವು ಏನು ಮಾಡಬಹುದು ಸಾರ್? ಸಹಿ ಸಂಗ್ರಹ ಮಾಡೋಣವಾ?

ಅದಕ್ಕಿಂತ ಒಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಅಂದೆ. ನಿಮಗೆ ಹತ್ತಿರದ ವನ್ಯಜೀವಿ ವಿಭಾಗ ಯಾವುದೋ ಅದಕ್ಕೆ. ಎಷ್ಟು ಕೋಟಿ ಬಂತು ಅಂತ ಕೇಳಬೇಡಿ. ಕಳೆದ ಎರಡು ವರ್ಷದಲ್ಲಿ ಹೊರಗುತ್ತಿಗೆ ಮತ್ತು ದಿನಗೂಲಿ ಸಿಬ್ಬಂದಿಗೆ ಪ್ರತಿ ತಿಂಗಳ ಸಂಬಳ ಯಾವ ತಾರೀಖು ಪಾವತಿ ಆಯಿತು, ಬೆಂಕಿ ರೇಖೆಯ ಅನುದಾನ ಯಾವ ತಾರೀಖು ಬಂತು, ಕೆಲಸ ಯಾವ ತಾರೀಖು ಮುಗಿಯಿತು, ಜಾನುವಾರು ಸತ್ತ ಅರ್ಜಿಗಳಿಗೆ ಎಷ್ಟು ದಿನದಲ್ಲಿ ಪರಿಹಾರ ಹೋಯಿತು ಅಂತ ಕೇಳಿ. ಅರ್ಜಿ ಶುಲ್ಕ ಹತ್ತು ರೂಪಾಯಿ. ಉತ್ತರಕ್ಕೆ ಮೂವತ್ತು ದಿನದ ಗಡುವು ಇದೆ. ಬಂದ ಉತ್ತರವನ್ನು ನಿಮ್ಮ ಶಾಸಕರಿಗೆ ಜನವರಿಯ ಒಳಗೆ ತಲುಪಿಸಿ, ಯಾಕೆಂದರೆ ರಾಜ್ಯದ ಬಜೆಟ್ ತಯಾರಿ ಆ ಹೊತ್ತಿಗೆ ಜೋರಾಗಿರುತ್ತದೆ.